ಒಂದೇ ಮೀನು, ಒಂದೇ ಹುಳು, ಎರಡು ಬಗೆಯ ರಕ್ಷಣೆ

ಪ್ರಶ್ನೆ: ಒಂದೇ ಜಾತಿಯ ಮೀನು ಒಂದು ಸರೋವರದಲ್ಲಿ ಹೊಟ್ಟೆ ತುಂಬ ಹುಳು ಹೊತ್ತುಕೊಂಡಿದ್ದರೆ, ಸಮೀಪದ ಇನ್ನೊಂದು ಸರೋವರದಲ್ಲಿ ಅದೇ ಮೀನಿಗೆ ಹುಳುವೇ ಇಲ್ಲದಿರಬಹುದು ಎಂದು ನಮ್ಮ ಪ್ರಾಣಿಶಾಸ್ತ್ರದ ಅಧ್ಯಾಪಕರು ಹೇಳಿದರು. ಈ ವ್ಯತ್ಯಾಸ ನೀರಿನದೋ, ಮೀನಿನದೋ? ಮೀನಿನದೇ ಆಗಿದ್ದರೆ, ಪರಾವಲಂಬಿಯನ್ನು ತಡೆಯುವ ಶಕ್ತಿ ಎಲ್ಲ ಕಡೆಯ ಮೀನುಗಳಿಗೂ ಏಕೆ ಬರಲಿಲ್ಲ?
— ಬಿ.ಎಸ್‌ಸಿ. ವಿದ್ಯಾರ್ಥಿನಿ, ಶಿರಸಿ

ಉತ್ತರ: ನಿಮ್ಮ ಅಧ್ಯಾಪಕರು ಹೇಳಿದ್ದು ನಿಜ. ಇದಕ್ಕೆ ಬಹಳ ಚೆನ್ನಾಗಿ ಅಧ್ಯಯನವಾಗಿರುವ ನಿದರ್ಶನ ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರ್ ದ್ವೀಪದಲ್ಲಿ ಸಿಗುತ್ತದೆ. ಅಲ್ಲಿನ ಸರೋವರಗಳಲ್ಲಿ ಬೆನ್ನ ಮೇಲೆ ಮೂರು ಮುಳ್ಳುಗಳಿರುವ, ಐದಾರು ಸೆಂಟಿಮೀಟರ್ ಉದ್ದದ ಸ್ಟಿಕಲ್‌ಬ್ಯಾಕ್ ಎಂಬ ಮೀನಿದೆ. ಇದರ ಪೂರ್ವಜರು ಕಡಲಿನವರು. ಸುಮಾರು 12,000 ವರ್ಷಗಳ ಹಿಂದೆ ಹಿಮಯುಗದ ಮಂಜಿನ ಹೊದಿಕೆ ಕರಗಿ ಹೊಸ ಸರೋವರಗಳೂ ಹೊಳೆಗಳೂ ಉಂಟಾದಾಗ ಕಡಲಿನ ಸ್ಟಿಕಲ್‌ಬ್ಯಾಕ್‌ಗಳು ಹೊಳೆಗಳನ್ನು ಏರಿ ಬಂದು ಸಿಹಿನೀರಿನಲ್ಲಿ ನೆಲೆಸಿದವು. ಒಂದೊಂದು ಸರೋವರದ ಮೀನುಗಳೂ ಅಂದಿನಿಂದ ಬಹುಮಟ್ಟಿಗೆ ತಮ್ಮಷ್ಟಕ್ಕೆ ತಾವೇ ಬೇರೆಯಾಗಿ ಬೆಳೆದು ಬಂದಿವೆ. ವಿಕಾಸವನ್ನು ಅಧ್ಯಯನ ಮಾಡುವವರಿಗೆ ಇಂತಹ ಅನುಕೂಲ ಬೇರೆಡೆ ಸಿಗುವುದು ಅಪರೂಪ.

ಸಿಹಿನೀರಿಗೆ ಬಂದ ಮೀನಿಗೆ ಅಲ್ಲಿ ಹೊಸ ಶತ್ರುವೊಂದು ಎದುರಾಯಿತು. ಅದು ಶಿಸ್ಟೊಸೆಫಾಲಸ್ ಸಾಲಿಡಸ್ ಎಂಬ ಲಾಡಿಹುಳು. ಇದರ ಬದುಕಿಗೆ ಮೂರು ಆಸರೆಗಳು ಬೇಕು. ಮೀನು ತಿನ್ನುವ ಹಕ್ಕಿಯ ಹಿಕ್ಕೆಯೊಂದಿಗೆ ನೀರಿಗೆ ಬಿದ್ದ ಮೊಟ್ಟೆ ಒಡೆದು ಹೊರಬರುವ ಮರಿಯನ್ನು ಸೈಕ್ಲಾಪ್ಸ್ ಗುಂಪಿನ ಸೂಕ್ಷ್ಮ ಜಲಚರ ನುಂಗುತ್ತದೆ; ಅದನ್ನು ಸ್ಟಿಕಲ್‌ಬ್ಯಾಕ್ ತಿನ್ನುತ್ತದೆ; ಹುಳು ಮೀನಿನ ಕರುಳನ್ನು ಕೊರೆದು ಹೊಟ್ಟೆಯ ಪೊಳ್ಳಿಗೆ ಇಳಿದು ಅಲ್ಲಿ ತಿಂಗಳುಗಟ್ಟಲೆ ಬೆಳೆಯುತ್ತದೆ. ಉತ್ತರ ಕರ್ನಾಟಕದ ಹಿರಿಯರಿಗೆ ಸೈಕ್ಲಾಪ್ಸ್ ಅಪರಿಚಿತವಲ್ಲ. ಮೆಟ್ಟಿಲುಬಾವಿಗಳ ನೀರಿನ ಮೂಲಕ ನಾರುಹುಣ್ಣನ್ನು ಹರಡುತ್ತಿದ್ದದ್ದು ಇದೇ ಗುಂಪಿನ ಜೀವಿ. ಆ ರೋಗದಿಂದ ಭಾರತ ಮುಕ್ತವಾಗಿದೆ ಎಂದು ಘೋಷಣೆಯಾದದ್ದು 2000ದಲ್ಲಿ. ಇಲ್ಲಿ ಅದು ಹುಳುವನ್ನು ಮನುಷ್ಯನಿಗೆ ದಾಟಿಸುತ್ತಿತ್ತು, ಅಲ್ಲಿ ಮೀನಿಗೆ ದಾಟಿಸುತ್ತದೆ.

ಮೀನಿನೊಳಗೆ ಈ ಹುಳು ಬೆಳೆಯುವ ಪರಿ ಊಹೆಗೆ ಮೀರಿದ್ದು. ಕೆಲವೊಮ್ಮೆ ಅದರ ತೂಕ ಮೀನಿನ ಸ್ವಂತ ತೂಕಕ್ಕೆ ಸರಿಸಮನಾಗುವಷ್ಟರ ಹತ್ತಿರ ಬರುತ್ತದೆ. ಹೊಟ್ಟೆ ಉಬ್ಬಿದ ಮೀನು ನಿಧಾನವಾಗಿ ಈಜುತ್ತದೆ, ಉಸಿರಾಟಕ್ಕೆ ಹೆಚ್ಚು ಆಮ್ಲಜನಕ ಬೇಕಾಗಿ ಮೇಲ್ನೀರಿಗೆ ಬರುತ್ತದೆ, ಹಕ್ಕಿಯ ನೆರಳು ಬಿದ್ದಾಗ ಮೊದಲಿನಂತೆ ಬೆದರಿ ಓಡುವುದಿಲ್ಲ. ಲೂನ್‌ನಂತಹ ಮುಳುಗು ಹಕ್ಕಿ ಅದನ್ನು ಹಿಡಿದರೆ ಹುಳುವಿನ ಉದ್ದೇಶ ನೆರವೇರಿದಂತೆ, ಏಕೆಂದರೆ ಹಕ್ಕಿಯ ಬೆಚ್ಚನೆಯ ಕರುಳಿನಲ್ಲಿ ಅದು ಒಂದೆರಡು ದಿನಗಳಲ್ಲೇ ಪ್ರೌಢವಾಗಿ ಮೊಟ್ಟೆಯಿಡಲು ತೊಡಗುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆ. ವ್ಯಾಂಕೂವರ್ ದ್ವೀಪದ ಕೆಲವು ಸರೋವರಗಳಲ್ಲಿ ನೂರಕ್ಕೆ 80 ಮೀನುಗಳಲ್ಲಿ ಈ ಹುಳು ಸಿಗುತ್ತದೆ. ಕೆಲವು ಸರೋವರಗಳಲ್ಲಿ ಒಂದು ಮೀನಿನಲ್ಲೂ ಸಿಗುವುದಿಲ್ಲ. ಈ ಅಂತರ ವರ್ಷದಿಂದ ವರ್ಷಕ್ಕೆ ಹಾಗೆಯೇ ಉಳಿಯುತ್ತದೆ. ಹುಳುವಿಲ್ಲದ ಸರೋವರಕ್ಕೆ ಹಕ್ಕಿಗಳೇ ಬರುವುದಿಲ್ಲವೋ, ಅಲ್ಲಿನ ಮೀನು ಸೈಕ್ಲಾಪ್ಸ್ ತಿನ್ನುವುದೇ ಇಲ್ಲವೋ ಎಂಬ ಸಂದೇಹ ಸಹಜ. ಅದನ್ನು ಪರಿಹರಿಸಲು ಒಂದೇ ದಾರಿ ಇತ್ತು: ಎರಡೂ ಬಗೆಯ ಸರೋವರಗಳ ಮೀನುಗಳ ಮರಿಗಳನ್ನು ಪ್ರಯೋಗಾಲಯದಲ್ಲಿ ಒಂದೇ ಬಗೆಯ ನೀರಿನಲ್ಲಿ, ಒಂದೇ ಆಹಾರದಲ್ಲಿ ಬೆಳೆಸಿ, ಎರಡಕ್ಕೂ ಅಳೆದು ನೋಡಿದ ಪ್ರಮಾಣದಲ್ಲಿ ಹುಳುವನ್ನು ಉಣ್ಣಿಸುವುದು. ಜೆಸ್ಸಿ ವೆಬರ್, ನಟಾಲಿ ಸ್ಟೈನೆಲ್, ಡ್ಯಾನಿಯಲ್ ಬೋಲ್ನಿಕ್ ಮತ್ತು ಅವರ ಸಂಗಡಿಗರು ಮಾಡಿ 2017ರಲ್ಲಿ ಪ್ರಕಟಿಸಿದ ಪ್ರಯೋಗ ಇದೇ. ಹುಳು ಹೇರಳವಾಗಿರುವ ಗಾಸ್ಲಿಂಗ್ ಸರೋವರ ಮತ್ತು ಹುಳು ಕಾಣದ ರಾಬರ್ಟ್ಸ್ ಸರೋವರಗಳ ಮೀನುಗಳನ್ನು ಅವರು ಹೋಲಿಸಿದರು.

ಫಲಿತಾಂಶದ ಮೊದಲ ಭಾಗ ನಿರೀಕ್ಷೆಗೆ ವಿರುದ್ಧವಾಗಿತ್ತು. ಮೀನಿನ ಒಳಹೊಕ್ಕು ನೆಲೆಯೂರುವುದರಲ್ಲಿ ಹುಳು ಎರಡೂ ಕಡೆಯ ಮೀನುಗಳಲ್ಲಿ ಸಮಾನವಾಗಿ ಯಶಸ್ವಿಯಾಯಿತು; ಅಂದರೆ ರಾಬರ್ಟ್ಸ್ ಮೀನಿನ ರಕ್ಷಣೆ ಬಾಗಿಲಿನಲ್ಲಿ ಇರಲಿಲ್ಲ. ವ್ಯತ್ಯಾಸ ಕಂಡದ್ದು ಒಳಹೊಕ್ಕ ಮೇಲೆ. ಗಾಸ್ಲಿಂಗ್ ಮೀನಿನಲ್ಲಿ ಹುಳು ಸರಾಗವಾಗಿ ಬೆಳೆಯಿತು, ರಾಬರ್ಟ್ಸ್ ಮೀನಿನಲ್ಲಿ ಅದು ಕುಬ್ಜವಾಗಿಯೇ ಉಳಿಯಿತು. ಎರಡರ ಗಾತ್ರದ ಅಂತರ ನೂರು ಪಟ್ಟಿನ ಮಟ್ಟದ್ದು. ರಾಬರ್ಟ್ಸ್ ಮೀನಿನ ಬಿಳಿ ರಕ್ತಕಣಗಳಲ್ಲಿ ಒಂದು ಬಗೆಯವು, ಹುಳುವಿನ ಸೋಂಕು ಇಲ್ಲದಿರುವಾಗಲೂ, ಆಕ್ರಮಣಕ್ಕೆ ಬಳಕೆಯಾಗುವ ಆಮ್ಲಜನಕದ ಉಗ್ರ ಸಂಯುಕ್ತಗಳನ್ನು ಮೂರು ಪಟ್ಟು ಹೆಚ್ಚು ತಯಾರಿಸುತ್ತಿದ್ದವು. ಎರಡೂ ಸರೋವರಗಳ ಮೀನುಗಳನ್ನು ಕೂಡಿಸಿ ಪಡೆದ ಮಿಶ್ರ ಮರಿಗಳಲ್ಲಿ ಹುಳುವಿನ ಗಾತ್ರ ನಡುವೆ ನಿಂತಿತು. ಇವೆಲ್ಲವೂ ಹೇಳುವುದು ಒಂದೇ: ವ್ಯತ್ಯಾಸ ನೀರಿನದಲ್ಲ, ಮೀನಿನದು, ಮತ್ತು ಅದು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವಂಥದು.

ಹಾಗಾದರೆ ರಾಬರ್ಟ್ಸ್ ಮೀನು ಹುಳುವನ್ನು ಅದುಮಿಡುವುದು ಹೇಗೆ? ಹೊಟ್ಟೆಯೊಳಗೆ ನಾರಿನಂತಹ ಕಲೆಗಟ್ಟಿದ ಅಂಗಾಂಶವನ್ನು ಬೆಳೆಸಿ. ವೈದ್ಯರು ಫೈಬ್ರೋಸಿಸ್ ಎಂದು ಕರೆಯುವುದು ಇದನ್ನೇ. ಉದರದ ಶಸ್ತ್ರಚಿಕಿತ್ಸೆಯ ನಂತರ ಕೆಲವರಲ್ಲಿ ಕರುಳುಗಳು ಒಂದಕ್ಕೊಂದು ಅಂಟಿಕೊಂಡು ತೊಂದರೆ ಕೊಡುವುದೂ ಇದೇ ಬಗೆಯ ಅಂಗಾಂಶದಿಂದ. ಮೀನಿನಲ್ಲಿ ಈ ನಾರು ಯಕೃತ್ತು, ಕರುಳು, ಅಂಡಾಶಯಗಳನ್ನು ಹೊಟ್ಟೆಯ ಗೋಡೆಗೆ ಹೊಲಿದು ಹಾಕಿ, ಹುಳುವಿಗೆ ಹೊರಳಾಡಲು, ಬೆಳೆಯಲು ಎಡೆಯಿಲ್ಲದಂತೆ ಮಾಡುತ್ತದೆ. ಹಲವು ಬಾರಿ ಹುಳು ಅದರೊಳಗೇ ಸಿಕ್ಕಿ ಸಾಯುತ್ತದೆ. ಆದರೆ ಮನೆಗೆ ನುಗ್ಗಿದ ಕಳ್ಳನನ್ನು ಕಟ್ಟಿಹಾಕಲು ಮನೆಯ ಕೋಣೆಗಳನ್ನೆಲ್ಲ ಇಟ್ಟಿಗೆಯಿಂದ ಮುಚ್ಚಿಬಿಟ್ಟರೆ ಮನೆಯವರೂ ಬದುಕುವುದು ಕಷ್ಟವಾಗುತ್ತದಲ್ಲವೇ? ಮೀನಿಗೂ ಅದೇ ಆಗುತ್ತದೆ. ಹೀಗೆ ನಾರುಗಟ್ಟಿದ ಹೆಣ್ಣು ಮೀನಿನಲ್ಲಿ ಮೊಟ್ಟೆಗಳು ಬಲಿಯುವ ಸಾಧ್ಯತೆ ಗಣನೀಯವಾಗಿ ಕುಗ್ಗುತ್ತದೆ, ಗಂಡು ಮೀನುಗಳ ಸಂತಾನಕ್ಕೂ ಪೆಟ್ಟು ಬೀಳುತ್ತದೆ. ಹುಳು ಸತ್ತರೂ ಅದನ್ನು ಕೊಲ್ಲಲು ಬೆಳೆದ ನಾರು ತಕ್ಷಣ ಮಾಯವಾಗುವುದಿಲ್ಲ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ನಿಸರ್ಗದ ಆಯ್ಕೆ ಅಳೆಯುವುದು ಆರೋಗ್ಯವನ್ನಲ್ಲ, ಉಳಿದು ಬರುವ ಸಂತಾನವನ್ನು. ಹುಳುವಿನಿಂದ ಆಗುವ ನಷ್ಟ ಹೆಚ್ಚೋ, ಹುಳುವನ್ನು ತಡೆಯುವ ಕ್ರಿಯೆಯಿಂದಲೇ ಆಗುವ ನಷ್ಟ ಹೆಚ್ಚೋ ಎಂಬುದರ ಮೇಲೆ ಲೆಕ್ಕ ನಿಲ್ಲುತ್ತದೆ. ಒಂದು ಸರೋವರದಲ್ಲಿ ಎದುರಿಸುವುದೇ ಲಾಭವಾದರೆ ಅಲ್ಲಿ ಪ್ರತಿರೋಧ ಬಲಿಯುತ್ತದೆ. ಇನ್ನೊಂದರಲ್ಲಿ ಹುಳುವನ್ನು ಸಹಿಸಿಕೊಂಡು, ಅದು ಮೀನನ್ನು ಹಕ್ಕಿಗೆ ಒಪ್ಪಿಸುವುದಕ್ಕೆ ಮುಂಚೆ ಮೊಟ್ಟೆಯಿಟ್ಟು ಮುಗಿಸುವುದೇ ಲಾಭವಾದರೆ ಅಲ್ಲಿ ಸಹಿಷ್ಣುತೆ ಬಲಿಯುತ್ತದೆ. ಅಲಾಸ್ಕದ ಕೆಲವು ಸರೋವರಗಳಲ್ಲಿ ಹೊಟ್ಟೆಯಲ್ಲಿ ಹುಳುವನ್ನು ಹೊತ್ತ ಹೆಣ್ಣು ಮೀನುಗಳೂ ಮೊಟ್ಟೆಯಿಡುತ್ತವೆ. ಯುರೋಪಿನಲ್ಲಿ ಅದೇ ಹುಳು ಸಾಮಾನ್ಯವಾಗಿ ಮೀನನ್ನು ಬಂಜೆಯಾಗಿಸುತ್ತದೆ.

2022ರಲ್ಲಿ ಇದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಈ ಕಥೆಯ ಕಾಲಕ್ರಮವನ್ನೂ ಬಿಡಿಸಿತು. ಕಡಲಿನ ಸ್ಟಿಕಲ್‌ಬ್ಯಾಕ್‌ಗಳಿಗೆ ಈ ಹುಳುವನ್ನು ತಡೆಯುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಉಪ್ಪುನೀರಿನಲ್ಲಿ ಹುಳುವಿನ ಮೊಟ್ಟೆಗಳು ಸರಿಯಾಗಿ ಒಡೆಯುವುದಿಲ್ಲವಾದ್ದರಿಂದ ಅವುಗಳಿಗೆ ಅದರ ಅಗತ್ಯವೂ ಬಿದ್ದಿರಲಿಲ್ಲ. ಸಿಹಿನೀರಿಗೆ ಬಂದ ಮೇಲೆ ಪ್ರತಿರೋಧ ಹುಟ್ಟಿತು. ಆಮೇಲೆ ಕೆಲವು ಸರೋವರಗಳಲ್ಲಿ, ಗಳಿಸಿದ ಆ ಪ್ರತಿರೋಧವನ್ನು ಮೀನು ಮತ್ತೆ ಕಳೆದುಕೊಂಡಿತು. ಆ ಕಳೆದುಕೊಳ್ಳುವಿಕೆ ಅಕಸ್ಮಾತ್ತಾಗಿ ಆದದ್ದಲ್ಲ, ಆಯ್ಕೆಯೇ ಅದನ್ನು ಆ ಕಡೆಗೆ ತಳ್ಳಿತು ಎಂಬುದಕ್ಕೆ ಜೀನೋಮ್‌ನಲ್ಲಿ ಗುರುತುಗಳಿವೆ. ಪಠ್ಯಪುಸ್ತಕಗಳಲ್ಲಿ ವಿಕಾಸವೆಂದರೆ ರೋಗನಿರೋಧಕ ಶಕ್ತಿ ಏರುತ್ತಲೇ ಹೋಗುವ ಕಥೆಯೆಂಬಂತೆ ಬರೆದಿರುವುದನ್ನು ನೋಡಿದಾಗಲೆಲ್ಲ ಈ ನಿದರ್ಶನವನ್ನು ಅಲ್ಲಿ ಸೇರಿಸಬೇಕೆಂದು ನನಗೆ ಅನ್ನಿಸುತ್ತದೆ. ರಕ್ಷಣೆಯನ್ನು ಕೈಬಿಡುವುದೂ ಹೊಂದಿಕೊಳ್ಳುವಿಕೆಯೇ ಆಗಬಹುದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಕಾಡುಜೀವಿಗಳ ಅಧ್ಯಯನಗಳು ಬಹಳ ಇಲ್ಲ.

ಪ್ರಶ್ನೆ: ನಾರುಗಟ್ಟುವ ಶಕ್ತಿಯನ್ನು ಕಳೆದುಕೊಂಡ ಮೀನುಗಳಲ್ಲಿ ಅದಕ್ಕೆ ಬೇಕಾದ ಜೀನ್‌ಗಳೇ ನಾಶವಾಗಿರುತ್ತವೆಯೇ? ಒಂದೇ ಒಂದು ಜೀನ್ ಬದಲಾದರೆ ರಕ್ಷಣೆ ಬರಬಹುದೇ ಅಥವಾ ಹೋಗಬಹುದೇ?
— ಜೀವಶಾಸ್ತ್ರ ಉಪನ್ಯಾಸಕರು, ಹಾವೇರಿ

ಉತ್ತರ: ನಾಶವಾಗಿಲ್ಲ ಎಂದು ತೋರಿಸುವ ಒಂದು ಅಚ್ಚುಕಟ್ಟಾದ ಪ್ರಯೋಗವಿದೆ. ಕಡಲಿನ ಮೀನು, ಹುಳುವನ್ನು ತಡೆಯಲಾಗದ ಸರೋವರದ ಮೀನು, ತಡೆಯಬಲ್ಲ ಸರೋವರದ ಮೀನು, ಹೀಗೆ ಮೂರು ಕಡೆಯ ಮೀನುಗಳ ಪ್ರಯೋಗಾಲಯದಲ್ಲಿ ಬೆಳೆದ ಮರಿಗಳನ್ನು ತೆಗೆದುಕೊಂಡು, ಕೆಲವಕ್ಕೆ ಲಸಿಕೆಗಳಲ್ಲಿ ದೇಹವನ್ನು ಕೆರಳಿಸಲು ಬಳಸುವ ಅಲ್ಯೂಮಿನಿಯಮ್ ಲವಣವನ್ನೂ, ಕೆಲವಕ್ಕೆ ಹುಳುವಿನ ಪ್ರೋಟೀನ್ ಸಾರವನ್ನೂ, ಕೆಲವಕ್ಕೆ ಎರಡನ್ನೂ ಸೇರಿಸಿ, ಇನ್ನು ಕೆಲವಕ್ಕೆ ಬರೀ ಉಪ್ಪುನೀರನ್ನೂ ಹೊಟ್ಟೆಗೆ ಚುಚ್ಚಲಾಯಿತು. ಸಾಕಷ್ಟು ಸಮಯ ಕೊಟ್ಟರೆ ಅಲ್ಯೂಮಿನಿಯಮ್ ಲವಣಕ್ಕೆ ಮೂರೂ ಕಡೆಯ ಮೀನುಗಳು ಚೆನ್ನಾಗಿಯೇ ನಾರುಗಟ್ಟಿಕೊಂಡವು. ಹುಳುವಿನ ಪ್ರೋಟೀನ್ ಒಂದಕ್ಕೇ ಹಾಗೆ ಸ್ಪಂದಿಸಿದ್ದು ಮಾತ್ರ ಪ್ರತಿರೋಧವಿರುವ ಸರೋವರದ ಮೀನು. ಅದರ ಸ್ಪಂದನೆ ಶುರುವಾಗುವ ವೇಗವೂ ಹೆಚ್ಚು. ಆಯುಧ ಎಲ್ಲರ ಬಳಿಯೂ ಇದೆ, ಯಾವಾಗ ಎತ್ತಬೇಕು ಎಂಬ ಗುರುತಿಸುವಿಕೆಯಲ್ಲಿ ಅವು ಬೇರೆಯಾಗಿವೆ. ದೂರ ಸಂಬಂಧದ ಇತರ ಅನೇಕ ಮೀನುಗಳಲ್ಲೂ ಇದೇ ಲವಣದ ಚುಚ್ಚುಮದ್ದಿಗೆ ನಾರು ಬೆಳೆದದ್ದು ಕಂಡುಬಂದಿರುವುದರಿಂದ ಈ ಸಾಮರ್ಥ್ಯ ಮೀನುಗಳ ವಂಶದಲ್ಲಿ ಬಹಳ ಹಳೆಯದು ಎಂದು ತಿಳಿಯಬಹುದು.

ಒಂದೇ ಜೀನ್‌ನ ವಿಷಯಕ್ಕೆ ಬಂದರೆ, ರಾಬರ್ಟ್ಸ್ ಮತ್ತು ಗಾಸ್ಲಿಂಗ್ ಮೀನುಗಳನ್ನು ಕೂಡಿಸಿ, ಆ ಮಿಶ್ರ ಮರಿಗಳನ್ನು ಮತ್ತೆ ತಮ್ಮೊಳಗೆ ಕೂಡಿಸಿ ಪಡೆದ ಎರಡನೆಯ ತಲೆಮಾರಿನಲ್ಲಿ, ನಾರುಗಟ್ಟುವಿಕೆ ಮತ್ತು ಹುಳುವಿನ ಬೆಳವಣಿಗೆಯೊಂದಿಗೆ ಕ್ರೋಮೋಸೋಮ್‌ಗಳ ಯಾವ ಯಾವ ಭಾಗಗಳು ಜೊತೆಯಾಗಿ ಸಾಗುತ್ತವೆ ಎಂದು ಹುಡುಕಲಾಗಿದೆ. ಸಿಕ್ಕಿರುವುದು ಒಂದೇ ಒಂದು ಸ್ವಿಚ್ ಅಲ್ಲ, ಹಲವು ಭಾಗಗಳು. ಪ್ರತಿರೋಧಕ್ಕೆ ಸಂಬಂಧಿಸಿದ ಇನ್ನೊಂದು ಬಗೆಯ ಜೀನ್‌ಗಳ ಬಗ್ಗೆ ಜರ್ಮನಿಯ ಪ್ಲೋನ್ ಎಂಬ ಊರಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಇದೇ ಮೀನಿನ ಮೇಲೆ ಬಹು ಮುಖ್ಯವಾದ ಕೆಲಸ ನಡೆದಿದೆ. ದೇಹದೊಳಗೆ ಬಂದ ಅನ್ಯ ಪದಾರ್ಥದ ತುಣುಕುಗಳನ್ನು ರಕ್ಷಣಾ ಕೋಶಗಳಿಗೆ ಎತ್ತಿ ತೋರಿಸುವ ಅಣುಗಳನ್ನು ರೂಪಿಸುವ ಎಂಎಚ್‌ಸಿ ಜೀನ್‌ಗಳು ಒಂದೊಂದು ಮೀನಿನಲ್ಲೂ ಬೇರೆ ಬೇರೆ ಸಂಖ್ಯೆಯ ರೂಪಗಳಲ್ಲಿ ಇರುತ್ತವೆ. ಹೆಚ್ಚು ರೂಪಗಳಿದ್ದಷ್ಟೂ ಹೆಚ್ಚು ಪರಾವಲಂಬಿಗಳನ್ನು ಗುರುತಿಸಬಹುದು, ಆದ್ದರಿಂದ ಅದೇ ಒಳ್ಳೆಯದು ಎಂದು ತೋರುತ್ತದೆ. 2003ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ ಅತ್ಯಂತ ಕಡಿಮೆ ಪರಾವಲಂಬಿಗಳಿದ್ದದ್ದು ಅತಿ ಹೆಚ್ಚು ರೂಪಗಳಿದ್ದ ಮೀನುಗಳಲ್ಲಿ ಅಲ್ಲ, ಮಧ್ಯಮ ಸಂಖ್ಯೆಯವುಗಳಲ್ಲಿ. ತೀರಾ ಹೆಚ್ಚಾದರೆ ದೇಹವು ತನ್ನದನ್ನೇ ಅನ್ಯವೆಂದು ತಪ್ಪಾಗಿ ತಿಳಿಯದಂತೆ ಬಹಳಷ್ಟು ರಕ್ಷಣಾ ಕೋಶಗಳನ್ನು ತಾನೇ ತೆಗೆದುಹಾಕಬೇಕಾಗುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಹೆಣ್ಣು ಸ್ಟಿಕಲ್‌ಬ್ಯಾಕ್ ಗಂಡನ್ನು ಆರಿಸುವಾಗ ವಾಸನೆಯ ಮೂಲಕ ಈ ಜೀನ್‌ಗಳನ್ನೇ ಗ್ರಹಿಸುತ್ತದೆ ಎಂಬುದನ್ನೂ ಅಲ್ಲಿಯೇ ಕಂಡುಕೊಂಡರು. ಪರಾವಲಂಬಿಗಳ ವೈವಿಧ್ಯ ಹೆಚ್ಚಿರುವ ಸರೋವರಗಳ ಮೀನುಗಳಲ್ಲಿ ಈ ರೂಪಗಳ ವೈವಿಧ್ಯವೂ ಹೊಳೆಗಳ ಮೀನುಗಳಿಗಿಂತ ಹೆಚ್ಚು.

ಪ್ರಶ್ನೆ: ನೀರು ಬಿಸಿಯಾದರೆ ಯಾರಿಗೆ ಲಾಭ, ಮೀನಿಗೋ ಹುಳುವಿಗೋ?
— ಓದುಗರು, ಮಂಗಳೂರು

ಉತ್ತರ: ಈ ಜೋಡಿಯಲ್ಲಿ ಹುಳುವಿಗೆ. ಹುಳು ಸುಮಾರು 50 ಮಿಲಿಗ್ರಾಂ ತೂಗಿದ ಮೇಲೆ ಹಕ್ಕಿಯಲ್ಲಿ ಬದುಕಿ ಮೊಟ್ಟೆಯಿಡಬಲ್ಲದು. ಬ್ರಿಟನ್ನಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 20 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿದ್ದ ಮೀನುಗಳೊಳಗಿನ ಹುಳುಗಳು ಎಂಟು ವಾರಗಳಲ್ಲಿ ಆ ತೂಕವನ್ನು ದಾಟಿದವು. 15 ಡಿಗ್ರಿಯ ನೀರಿನಲ್ಲಿದ್ದವು ದಾಟಲಿಲ್ಲ. ಅಷ್ಟೇ ಅಲ್ಲದೆ, ಬಲಿತ ಹುಳುವಿದ್ದ ಮೀನುಗಳು ಆಯ್ಕೆ ಸಿಕ್ಕಾಗ ಹೆಚ್ಚು ಬೆಚ್ಚಗಿನ ನೀರಿನ ಕಡೆಗೇ ಹೋದವು.

ಪ್ರಶ್ನೆ: ನಮ್ಮ ಹೊಂಡಗಳಲ್ಲಿ ರೋಹು, ಕಾಟ್ಲಾ ಸಾಕುತ್ತೇವೆ. ಮೀನಿನ ಹೇನಿನ ಕಾಟ ಬಹಳ. ರೋಗ ತಡೆಯುವ ಮೀನುಗಳು ಬೇರೆ ಕಡೆ ತಾವಾಗಿಯೇ ಬೆಳೆದು ಬಂದಿವೆ ಎಂದಾದರೆ, ಅಂತಹ ಮೀನುಗಳನ್ನು ತಂದು ನಮ್ಮ ಹೊಂಡಕ್ಕೂ ಹೊಳೆಗೂ ಬಿಟ್ಟರೆ ಸಾಲದೇ?
— ಮೀನು ಕೃಷಿಕರು, ಶಿವಮೊಗ್ಗ ಜಿಲ್ಲೆ

ಉತ್ತರ: ಹೊಂಡ ಬೇರೆ, ಹೊಳೆ ಬೇರೆ. ಹೊಂಡದ ಮಟ್ಟಿಗೆ ನಿಮ್ಮ ಆಲೋಚನೆ ಸರಿಯಾದ ದಿಕ್ಕಿನಲ್ಲೇ ಇದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನುಕೃಷಿ ಸಂಸ್ಥೆ ತಲೆಮಾರುಗಳ ಆಯ್ಕೆಯ ಮೂಲಕ ಬೇಗ ಬೆಳೆಯುವ ಜಯಂತಿ ರೋಹುವನ್ನು ರೂಪಿಸಿದಂತೆ ರೋಗ ತಡೆಯುವ ತಳಿಗಳನ್ನೂ ರೂಪಿಸಲು ಸಾಧ್ಯ. ಆದರೆ ರಕ್ಷಣೆಗಾಗಿ ಮೀನು ತೆರಬೇಕಾದ ಬೆಲೆಯ ಪ್ರಶ್ನೆ, ಸ್ಟಿಕಲ್‌ಬ್ಯಾಕ್‌ನಲ್ಲಿ ಕಂಡಂತೆ, ಅಲ್ಲಿಯೂ ಬರುತ್ತದೆ. ಪ್ರತಿರೋಧಕ್ಕಾಗಿ ಆರಿಸಿದ ತಳಿಯ ಬೆಳವಣಿಗೆಯನ್ನೂ ಮೊಟ್ಟೆಯ ಪ್ರಮಾಣವನ್ನೂ ಜೊತೆಜೊತೆಗೇ ಅಳೆಯದೆ ಅದನ್ನು ಒಳ್ಳೆಯ ತಳಿಯೆಂದು ಒಪ್ಪುವಂತಿಲ್ಲ. ಅಲ್ಲಿಯವರೆಗೆ ಹೇನಿನ ವಿಷಯದಲ್ಲಿ ನಿಮ್ಮ ಕೈಯಲ್ಲೇ ಇರುವ ಉಪಾಯವೊಂದಿದೆ. ಮೀನಿನ ಹೇನು ಮೊಟ್ಟೆಯಿಡುವುದು ಮೀನಿನ ಮೈಮೇಲೆ ಅಲ್ಲ. ಅದು ಮೀನನ್ನು ಬಿಟ್ಟು ಹೋಗಿ ಕಲ್ಲು, ಕಟ್ಟಿಗೆಯಂತಹ ಗಟ್ಟಿ ವಸ್ತುಗಳಿಗೆ ಮೊಟ್ಟೆಗಳನ್ನು ಸಾಲಾಗಿ ಅಂಟಿಸುತ್ತದೆ. ಹೊಂಡದಲ್ಲಿ ಬಿದಿರಿನ ಗಳಗಳನ್ನೋ ಹಲಗೆಗಳನ್ನೋ ನೆಟ್ಟು, ಕೆಲವು ದಿನಗಳಿಗೊಮ್ಮೆ ಹೊರತೆಗೆದು, ಮೊಟ್ಟೆಗಳನ್ನು ಕೆರೆದು, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ ಮತ್ತೆ ನೆಡುತ್ತಿದ್ದರೆ ಹೇನಿನ ಸಂತತಿ ಕಡಿಮೆಯಾಗುತ್ತದೆ.

ಹೊಳೆಗೆ ಮಾತ್ರ ದಯವಿಟ್ಟು ಬಿಡಬೇಡಿ. ಹೊರಗಿನ ಮೀನನ್ನು ತಂದರೆ ಅದರ ಮೈಮೇಲಿನ ಪರಾವಲಂಬಿಯೂ ಬರುತ್ತದೆ, ಮತ್ತು ಹೊರಗಿನ ಮೀನು ಸಹಿಸಬಲ್ಲ ಆ ಪರಾವಲಂಬಿ, ಅದನ್ನು ಸಹಿಸಲಾರದ ಇಲ್ಲಿನ ಮೀನುಗಳ ನಡುವೆ ಹರಡುತ್ತದೆ. ನಾರ್ವೆಯಲ್ಲಿ ಆದದ್ದು ಇದೇ. ಬಾಲ್ಟಿಕ್ ಸಮುದ್ರಕ್ಕೆ ಸೇರುವ ನದಿಗಳ ಸಾಲ್ಮನ್ ಮೀನಿನ ಚರ್ಮದ ಮೇಲೆ ಗೈರೊಡ್ಯಾಕ್ಟಿಲಸ್ ಸಲಾರಿಸ್ ಎಂಬ, ಅರ್ಧ ಮಿಲಿಮೀಟರ್ ಉದ್ದದ ಹುಳುವಿರುತ್ತದೆ. ಇದು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ; ಹುಟ್ಟುವ ಮರಿಯ ಹೊಟ್ಟೆಯಲ್ಲೇ ಮುಂದಿನ ಮರಿ ಬೆಳೆಯುತ್ತಿರುತ್ತದೆ, ಆದ್ದರಿಂದ ಒಂದೇ ಹುಳು ಸಾಕು, ಕೆಲವೇ ವಾರಗಳಲ್ಲಿ ಮೀನಿನ ಮೈಯೆಲ್ಲ ಮುತ್ತಿಕೊಳ್ಳುತ್ತದೆ. ರಷ್ಯಾದ ನೇವಾ ನದಿಯಂತಹ ಕಡೆಯ ಸಾಲ್ಮನ್ ಮೇಲೆ ಹುಳುಗಳ ಸಂಖ್ಯೆ ಸ್ವಲ್ಪ ಕಾಲ ಏರಿ ಆಮೇಲೆ ಇಳಿಯುತ್ತದೆ. ಅಟ್ಲಾಂಟಿಕ್ ಕಡೆಗೆ ಹರಿಯುವ ನಾರ್ವೆಯ ನದಿಗಳ ಸಾಲ್ಮನ್, ಅದೇ ಜಾತಿಯದಾದರೂ, ಈ ಹುಳುವನ್ನು ಹಿಂದೆಂದೂ ಕಂಡಿರಲಿಲ್ಲ. ಅದರ ಮೇಲೆ ಹುಳುಗಳು ಏರುತ್ತಲೇ ಹೋಗಿ ಮರಿಮೀನು ಸಾಯುತ್ತದೆ. 1970ರ ದಶಕದಲ್ಲಿ ಸಾಕಣೆಗೆಂದು ತಂದ ಮೀನುಗಳೊಂದಿಗೆ ನಾರ್ವೆಗೆ ಬಂದ ಈ ಹುಳು ಐವತ್ತರಷ್ಟು ನದಿಗಳಿಗೆ ಹಬ್ಬಿತು.

ಆಗ ಅವರೆದುರು ಎರಡು ದಾರಿಗಳಿದ್ದವು. ಹುಳುವನ್ನು ತಡೆಯಬಲ್ಲ ಬಾಲ್ಟಿಕ್ ಸಾಲ್ಮನ್ ತಂದು ನದಿಗಳನ್ನು ತುಂಬಿಸಬಹುದಿತ್ತು. ಆದರೆ ಒಂದೊಂದು ನದಿಯ ಸಾಲ್ಮನ್ ಕೂಡ ಆ ನದಿಯ ಚಳಿಗೆ, ಸೆಳವಿಗೆ, ಕಡಲಿಗೆ ಇಳಿದು ಮರಳುವ ಕಾಲಕ್ಕೆ ಹೊಂದಿಕೊಂಡು ಬಂದದ್ದು. ಒಂದು ಹುಳುವಿನ ಎದುರು ಗೆಲ್ಲಲು ಅದನ್ನೆಲ್ಲ ಬಿಟ್ಟುಕೊಡಬೇಕಾಗುತ್ತಿತ್ತು. ನಾರ್ವೆ ಇನ್ನೊಂದು ದಾರಿಯನ್ನು ಹಿಡಿಯಿತು. ಸೋಂಕು ತಗುಲಿದ ನದಿಗಳ ಮೂಲ ಸಾಲ್ಮನ್ ವಂಶಗಳನ್ನು ಜೀವಂತ ಜೀನ್ ಬ್ಯಾಂಕ್‌ಗಳಲ್ಲಿ ಬೇರೆ ಬೇರೆಯಾಗಿ ಉಳಿಸಿಕೊಂಡು, ನದಿಗೆ ರೋಟಿನೋನ್ ಎಂಬ ವಿಷ ಹಾಕಿ ಅಲ್ಲಿದ್ದ ಮೀನುಗಳ ಜೊತೆಗೆ ಹುಳುವನ್ನೂ ಇಲ್ಲವಾಗಿಸಿ, ಕಾದು ನೋಡಿ, ಹುಳು ಇಲ್ಲವೆಂದು ಖಚಿತವಾದ ಮೇಲೆ ಆಯಾ ನದಿಯದೇ ವಂಶದ ಮರಿಗಳನ್ನು ಮತ್ತೆ ಆ ನದಿಗೇ ಬಿಡಲಾಯಿತು. ಹೊಳೆಯ ಇಡೀ ಜೀವಸಂಕುಲಕ್ಕೆ ಪೆಟ್ಟು ಕೊಡುವ ಈ ಕ್ರಮ ನೋವಿನದೇ. ಆದರೂ ಬಹುಪಾಲು ನದಿಗಳಲ್ಲಿ ಅದು ಫಲ ಕೊಟ್ಟಿದೆ.